ಡಬ್ಬಿ ತಂದ ಅಕ್ಕನಿಗೆ, ಹಾಡಿದ ಆ ಇಬ್ಬರಿಗೆ

ಕಳೆದ ವಾರ ನಮ್ಮವರ ಸ್ಕ್ಯಾನ್ ರಿಪೋರ್ಟ್ ಬಂತು. ಏನೂ ಉಳಿದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದರು ಡಾಕ್ಟರು. ಕಾರಿಗೆ ಬಂದು ಇಬ್ಬರೂ ಸುಮ್ನೆ ಕೂತೆವು. ಆಮೇಲೆ ಅವರೇ ಕೈ ಚಾಚಿ ಹಾಡು ಹಾಕಿದರು. ಅದೇ ಆಲ್ಬಂ.

ಇಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಈ ಚಳಿಗಾಲ ನಮ್ಮನ್ನು ದಾಟಿಸಿದವರು ಒಬ್ಬಿಬ್ಬರಲ್ಲ. ಮೈಸೂರಿನಿಂದ ಬಂದು ಮೂರು ತಿಂಗಳು ಅಡುಗೆಮನೆ ನೋಡಿಕೊಂಡ ಅತ್ತೆ. ಹೇಳದೆಯೇ ಬಾಗಿಲ ಮುಂದಿನ ಹಿಮ ಬಾಚಿದ ಪಕ್ಕದ ಮನೆ ಹುಡುಗ. ಎದುರುಮನೆ ಅಕ್ಕ, ನಿಮ್ಮ ಬಗ್ಗೆ ಏನಂತ ಬರೆಯಲಿ? ಕೀಮೋ ಇದ್ದ ದಿನವೆಲ್ಲ ಸ್ಟೀಲ್ ಡಬ್ಬಿಯಲ್ಲಿ ತಿಳಿಸಾರು, ಮೆತ್ತಗಿನ ಅನ್ನ. ಮುಚ್ಚಳದ ಮೇಲೆ ಚೀಟಿ: 'ಉಪ್ಪು ಕಮ್ಮಿ ಹಾಕಿದೀನಿ, ಬೇಕಾದ್ರೆ ಹಾಕ್ಕೊಳ್ಳಿ.' ಅಷ್ಟು ಚೀಟಿಗಳೂ ನನ್ನ ಹತ್ತಿರ ಇವೆ.

ಇನ್ನಿಬ್ಬರಿಗೆ ನಾವು ಯಾರೆಂದೇ ಗೊತ್ತಿಲ್ಲ. ಅಲನ್ ಸ್ಪಾರ್‌ಹಾಕ್ ಮತ್ತು ಮಿಮಿ ಪಾರ್ಕರ್. ಗಂಡ ಹೆಂಡತಿ. ಊರು ಡುಲೂತ್, ಸುಪೀರಿಯರ್ ಸರೋವರದ ದಡದಲ್ಲಿದೆ, ನಮ್ಮಿಂದ ಎರಡೂವರೆ ಗಂಟೆ ದಾರಿ. 1993ರಲ್ಲಿ 'ಲೋ' ಅಂತ ಬ್ಯಾಂಡ್ ಕಟ್ಟಿದರು. ಅಲನ್ ಕೈಯಲ್ಲಿ ಗಿಟಾರ್. ಮಿಮಿ ನಿಂತೇ ಬಾರಿಸುವವರು. ಒಂದೆರಡು ಡ್ರಮ್, ಒಂದು ಸಿಂಬಲ್, ಬ್ರಶ್ಶು, ಅಷ್ಟೇ. ನಾವು ಕಾರಿನಲ್ಲಿ ಹಾಕುವ 'ಹೇ ವಾಟ್' 2021ರದು, ಅವರ 13ನೇ ಆಲ್ಬಂ. ಬ್ಯಾಂಡಿನಲ್ಲಿ ಆಗ ಉಳಿದಿದ್ದವರು ಇವರಿಬ್ಬರೇ.

ಮೊದಲ ಸಲ ಕೇಳಿದಾಗ ಸ್ಪೀಕರ್ ಕೆಟ್ಟಿದೆ ಅಂದುಕೊಂಡೆ. ಗಿಟಾರ್ ತಗಡು ಹರಿದ ಹಾಗೆ ಗರಗರ ಅನ್ನುತ್ತದೆ. ನಿರ್ಮಾಪಕ ಬಿ.ಜೆ. ಬರ್ಟನ್ ಜೊತೆ ಸೇರಿ ಬೇಕೆಂದೇ ಹಾಗೆ ಮಾಡಿದ್ದಾರೆ. ಆ ಗದ್ದಲದ ನಡುವೆ ಎರಡು ದನಿ. ಒಬ್ಬರು ಮುಂದೆ, ಒಬ್ಬರು ಹಿಂದೆ ಅಂತಿಲ್ಲ. ಜೊತೆಗೇ ಉಸಿರೆಳೆದು ಜೊತೆಗೇ ಬಿಡುತ್ತಾರೆ. ಆಸ್ಪತ್ರೆಗೆ ಹೋಗುವ ನಲವತ್ತು ನಿಮಿಷ ನಮಗೆ ಆಡಲು ಮಾತೇ ಇರುತ್ತಿರಲಿಲ್ಲ. ಒಂದು ದಿನ ವೈಪರ್ ಮಂಜು ಕೆರೆಯುತ್ತಿತ್ತು. ಯಾವತ್ತೂ ಹಾಡದ ನಮ್ಮವರು ಅಲನ್ ಜೊತೆ ಸಣ್ಣಗೆ ಗುನುಗತೊಡಗಿದರು. ನಾನು ಮಿಮಿ ದನಿ ಹಿಡಿದೆ. ಆಮೇಲೆ ಅದೇ ರೂಢಿಯಾಯಿತು.

ಮಿಮಿ 2022ರ ನವೆಂಬರ್ 5ರಂದು ತೀರಿಕೊಂಡರು ಅಂತ ನನಗೆ ತಡವಾಗಿ ಗೊತ್ತಾಯಿತು. ಅಂಡಾಶಯದ ಕ್ಯಾನ್ಸರ್. ಇವರಿಗೆ ಹೇಳೋದು ಹೇಗೆ? ಎರಡು ವಾರ ಏನೇನೋ ನೆಪ ಹೇಳಿ ಬೇರೆ ಹಾಡು ಹಾಕಿದೆ. ಕೊನೆಗೆ ಅವರೇ ಅಂದರು: "ನನಗೆ ಮೊದಲೇ ಗೊತ್ತು ಕಣೇ. ನೀನು ಹೆದರ್ತೀಯ ಅಂತ ಹೇಳಿರಲಿಲ್ಲ." ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತುಬಿಟ್ಟೆ. ಅಷ್ಟು ತಿಂಗಳಲ್ಲಿ ಅವರ ಮುಂದೆ ಅತ್ತಿದ್ದು ಅದೇ ಮೊದಲು. ಅವರೂ ಅತ್ತರು. ಆಮೇಲೆ ಮತ್ತೆ ಮಿಮಿಯನ್ನೇ ಹಾಕಿದೆವು.

ಅಲನ್ ಅವರೇ, ನೀವು ಈಗಲೂ ಹಾಡುತ್ತಿದ್ದೀರಿ. ನಿಮಗೆ ನಮ್ಮಿಬ್ಬರ ನಮಸ್ಕಾರ. ಮಿಮಿ ಅವರಿಗೂ.

ಅಕ್ಕಾ, ನಿಮ್ಮ ಎರಡು ಡಬ್ಬಿ ಇನ್ನೂ ನಮ್ಮಲ್ಲೇ ಇವೆ. ಖಾಲಿ ವಾಪಸ್ ಕೊಡೋಕೆ ಮನಸ್ಸು ಬರಲಿಲ್ಲ. ಶನಿವಾರ ಹೋಳಿಗೆ ಮಾಡುತ್ತೇನೆ. ನಮ್ಮವರೇ ರಸ್ತೆ ದಾಟಿ ತಂದು ಕೊಡುತ್ತಾರಂತೆ.