ಕೋಲು ಕೊಂಡರಾಯಿತೇ, ನಡೆಯಲು ಕಲಿಯಬೇಡವೇ?

ಮಾನ್ಯ ಸಂಪಾದಕರೇ,

ಉಣಕಲ್ ಕೆರೆಯ ದಂಡೆಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ, ನೃಪತುಂಗ ಬೆಟ್ಟದ ಮೇಲೆ ಬೆಳಗಿನ ವಾಕಿಂಗಿಗೆ ಬರುವವರ ಪೈಕಿ ಈಚೆಗೆ ಕೆಲವರ ಕೈಯಲ್ಲಿ ಜೋಡಿ ಕೋಲು ನೋಡುತ್ತಿದ್ದೇನೆ. ನಾರ್ಡಿಕ್ ವಾಕಿಂಗ್ ಅಂತ ಅದರ ಹೆಸರು. ಸಂತೋಷವೇ. ಆದರೆ ಹತ್ತರಲ್ಲಿ ಎಂಟು ಮಂದಿ ಕೋಲನ್ನು ಮುಂದೆ ಟಕ್ ಟಕ್ ಊರುತ್ತ, ಹೆಗಲು ಕಿವಿಯವರೆಗೆ ಏರಿಸಿಕೊಂಡು ಹೋಗುತ್ತಾರೆ. ಎರಡು ವರ್ಷದ ಹಿಂದೆ ನಾನೂ ಹಾಗೇ ಹೋಗುತ್ತಿದ್ದೆ, ಅದಕ್ಕೇ ಈ ಪತ್ರ.

ಮೊಣಕಾಲು ನೋವಿನ ಕಾಟಕ್ಕೆ ಒಂದು ಅಂಗಡಿಯಲ್ಲಿ ಕೋಲು ಕೊಂಡೆ. ಅಂಗಡಿಯವರು ‘ಎಲ್ಲಾ ಒಂದ ರೀ’ ಎಂದು ಬೆಟ್ಟ ಹತ್ತುವ ಟ್ರೆಕ್ಕಿಂಗ್ ಕೋಲು ಕೊಟ್ಟು, ಉದ್ದ 125 ಸೆಂಟಿಮೀಟರಿಗೆ ಬಿಗಿದು ಕಳಿಸಿದರು. ನನ್ನ ಎತ್ತರ 165. ಎತ್ತರವನ್ನು 0.68ರಿಂದ ಗುಣಿಸಿದರೆ ಕೋಲಿನ ಅಳತೆ ಸಿಗುತ್ತದೆ ಎಂಬುದು ಆಮೇಲೆ ತಿಳಿಯಿತು. ನನಗೆ ಬೇಕಾದದ್ದು 110ರ ಆಸುಪಾಸು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮೂರು ತಿಂಗಳು ನಡೆದೆ. ಮೊಣಕಾಲು ಇದ್ದಂತೆಯೇ ಇತ್ತು, ಮಣಿಕಟ್ಟಿನ ನೋವು ಹೊಸದಾಗಿ ಸೇರಿಕೊಂಡಿತು. ಸಾಧನಕೇರಿಯ ಹತ್ತಿರ ಒಬ್ಬ ಅಜ್ಜ, ‘ಏನ್ರೀ ಮಾಸ್ತರ, ಎರಡೆರಡು ಬಡಿಗಿ ಹಿಡಕೊಂಡ ಎಮ್ಮಿ ಕಾಯಾಕ ಹೊಂಟೀರೇನು?’ ಎಂದು ಕೇಳಿದ್ದೂ ಆಯಿತು. ಆ ಕೋಲುಗಳು ಈಗ ನಮ್ಮ ಹಿತ್ತಲಲ್ಲಿ ಹಾಗಲಬಳ್ಳಿಗೆ ಆಸರೆಯಾಗಿವೆ.

ಮೂಲತಃ ಇದು ಫಿನ್‌ಲ್ಯಾಂಡಿನ ಸ್ಕೀ ಆಟಗಾರರ ಅಭ್ಯಾಸ. ಹಿಮವಿಲ್ಲದ ಬೇಸಿಗೆಯಲ್ಲೂ ಮೈ ಹದ ತಪ್ಪಬಾರದೆಂದು ಅವರು ಕೋಲು ಹಿಡಿದು ನಡೆಯುತ್ತಿದ್ದರು. ಈ ನಡಿಗೆಗೆಂದೇ ಮಾಡಿದ ಕೋಲು ಅಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. ಅವರ ಭಾಷೆಯ ‘ಸೌವಕಾವೆಲು’ ಎಂಬ ಮಾತಿಗೆ ಕೋಲುನಡಿಗೆ ಎಂದೇ ಅರ್ಥ. ಸ್ಕೀ ಮಾಡುವವ ಕೋಲಿಗೆ ಆತುಕೊಳ್ಳುವುದಿಲ್ಲ, ಅದರಿಂದ ನೆಲವನ್ನು ಹಿಂದಕ್ಕೆ ದಬ್ಬುತ್ತಾನೆ. ನಮಗೆ ತಪ್ಪುವುದು ಇಲ್ಲಿಯೇ. ಕೋಲೆಂದರೆ ಊರಲಿಕ್ಕೆ ಎಂದು ಹುಟ್ಟಿನಿಂದ ನೋಡಿದ ಜನ ನಾವು.

ಕಳೆದ ವರ್ಷ, ಮಗಳ ಮನೆಗೆಂದು ಜರ್ಮನಿಗೆ ಹೋದಾಗ ಇದನ್ನು ಕಲಿತು ಬಂದ ನಿವೃತ್ತ ದೈಹಿಕ ಶಿಕ್ಷಕಿಯೊಬ್ಬರು ನಮ್ಮ ಓಣಿಯ ಹನ್ನೆರಡು ಜನರನ್ನು ಕೂಡಿಸಿಕೊಂಡು ಭಾನುವಾರ ಪಾಠ ಶುರು ಮಾಡಿದರು. ಮೊದಲ ದಿನ ಕೋಲು ಹಿಡಿಯಲಿಕ್ಕೇ ಬಿಡಲಿಲ್ಲ. ಕೈಗವಸಿನಂಥ ಪಟ್ಟಿಯನ್ನು ಅಂಗೈಗೆ ಬಿಗಿದುಕೊಂಡು, ಬೆರಳು ಬಿಚ್ಚಿ, ಕೋಲುಗಳನ್ನು ಹಿಂದೆ ಎಳೆಯುತ್ತ ಸುಮ್ಮನೆ ನಡೆಯಿರಿ ಎಂದರು. ಇಪ್ಪತ್ನಾಲ್ಕು ಕೋಲು ಕೆಂಪು ಮಣ್ಣಿನಲ್ಲಿ ಗೆರೆ ಕೊರೆಯುತ್ತಿದ್ದವು, ಹೊಲದಲ್ಲಿ ಕುಂಟಿ ಹೊಡೆದಂತೆ. ಹತ್ತು ನಿಮಿಷದಲ್ಲಿ ಕೈ ತಾನಾಗಿಯೇ ಕಾಲಿನ ಲಯಕ್ಕೆ ಬಂತು. ಆಮೇಲೆ ಹಿಡಿಯುವ ಪಾಠ. ಎಡಗಾಲು ಮುಂದಿಟ್ಟಾಗ ಬಲಗೈ ಕೈಕುಲುಕಲು ಚಾಚಿದಷ್ಟು ಮುಂದೆ. ಕೋಲಿನ ತುದಿ ಮಾತ್ರ ಎರಡು ಪಾದಗಳ ನಡುವೆ, ಹಿಂದಕ್ಕೆ ವಾಲಿರಬೇಕು. ಅಲ್ಲಿಂದ ಸೊಂಟ ದಾಟುವವರೆಗೆ ದಬ್ಬಿ, ಕೊನೆಗೆ ಅಂಗೈ ಬಿಚ್ಚಿಬಿಡಬೇಕು. ಬಿಚ್ಚಿದರೆ ಕೋಲು ಬಿದ್ದೀತೆಂಬ ಹೆದರಿಕೆ ಹೋಗಲು ನನಗೆ ನಾಲ್ಕು ಭಾನುವಾರ ಬೇಕಾಯಿತು.

ಅವರು ಹಿಂದಿನಿಂದ ತೆಗೆದ ವಿಡಿಯೋದಲ್ಲಿ ನನ್ನ ಬಲಗೈ, ಬಲಗಾಲು ಕೂಡಿಯೇ ಮುಂದೆ ಹೋಗುತ್ತಿದ್ದವು! ಒಬ್ಬನೇ ನಡೆದ ಮೂರು ತಿಂಗಳಲ್ಲಿ ಅದು ಗೊತ್ತಾಗಿರಲೇ ಇಲ್ಲ. ಗುಂಪಿನಲ್ಲಿ ಮಾತ್ರ ಸಿಗುವ ಲಾಭ ಇದು. ನಮ್ಮ ಬೆನ್ನು ನಮಗೆ ಕಾಣದು, ಹಿಂದೆ ಬರುವವರಿಗೆ ಕಾಣುತ್ತದೆ. ‘ಸರ್, ಹೆಗಲ ಇಳಸ್ರಿ’ ಎಂದು ಈಗ ನಾವೇ ಒಬ್ಬರಿಗೊಬ್ಬರು ಕೂಗುತ್ತೇವೆ. ಮೈಯ ಶೇ. 90ರಷ್ಟು ಸ್ನಾಯುಗಳಿಗೆ ವ್ಯಾಯಾಮ ಎಂಬ ಜಾಹೀರಾತಿನ ಮಾತನ್ನು ನಾನು ಅಷ್ಟಾಗಿ ನಂಬುವವನಲ್ಲ. ಆದರೆ ಸರಿಯಾಗಿ ದಬ್ಬಿದ ದಿನ ರಟ್ಟೆ, ಬೆನ್ನು ಮಾತಾಡುತ್ತವೆ. ಬರೀ ಊರಿದ ದಿನ ಮಣಿಕಟ್ಟು ಮಾತ್ರ.

ಮಹಾನಗರ ಪಾಲಿಕೆಯವರಲ್ಲಿ ನನ್ನ ವಿನಂತಿ ಸಣ್ಣದು. ಹುಬ್ಬಳ್ಳಿಯ ಗಾಜಿನ ಮನೆ ಉದ್ಯಾನ, ಉಣಕಲ್ ಕೆರೆ, ಧಾರವಾಡದ ಕೆಲಗೇರಿ ಕೆರೆ, ಇವುಗಳಲ್ಲಿ ಒಂದು ಕಡೆಯಾದರೂ ಭಾನುವಾರ ಬೆಳಗ್ಗೆ ಒಂದು ತಾಸು, ತಿಳಿದವರಿಂದ ಇಂಥ ಪಾಠ ನಡೆಯಲಿ. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಇಪ್ಪತ್ತು ಜೋಡಿ ಕೋಲು ಅಲ್ಲೇ ಇದ್ದರೆ, ನನ್ನಂತೆ ತಪ್ಪು ಕೋಲಿಗೆ ಯಾರೂ ದುಡ್ಡು ಸುರಿಯಬೇಕಿಲ್ಲ. ಡಾಂಬರು, ಕಾಂಕ್ರೀಟಿನ ಮೇಲೆ ನಡೆಯುವಾಗ ತುದಿಗೆ ರಬ್ಬರ್ ಬೂಟು ಬೇಕು, ಮಣ್ಣಿಗಿಳಿದಾಗ ಅದನ್ನು ತೆಗೆಯಬೇಕು. ಹುಬ್ಬಳ್ಳಿಯ ಎರೆಮಣ್ಣಿನಲ್ಲಿ ಮಳೆಗಾಲಕ್ಕಂತೂ ಮಾತೇ ಬೇಡ. ಪಾಠಕ್ಕೆ ಬರುವವರು ಸಾಲಾಗಿ ನಡೆಯಬೇಕೆಂಬ ನಿಯಮವೂ ಇರಲಿ. ನಾಲ್ಕು ಜನ ಅಡ್ಡಡ್ಡ ಕೋಲು ಬೀಸಿಕೊಂಡು ಹೊರಟರೆ ಹಿಂದಿನವರು ಬೈಯುವುದು ನ್ಯಾಯವೇ. ನಾವೂ ಬೈಸಿಕೊಂಡಿದ್ದೇವೆ.

ಒಬ್ಬ ನಿವೃತ್ತ ಶಿಕ್ಷಕ
ಧಾರವಾಡ