ಎಂಟರ್ ಒತ್ತುವ ಮುಂಚೆ ಕ್ಲಸ್ಟರ್ ಯಾವುದು ನೋಡಿ

ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಕುಬರ್ನೆಟಿಸ್ (ಹಲವು ಸರ್ವರ್‌ಗಳ ಮೇಲೆ ಆ್ಯಪ್‌ಗಳನ್ನು ಓಡಿಸಿ ನಿಭಾಯಿಸುವ ತಂತ್ರಾಂಶ) ಬಗ್ಗೆ ಕನ್ನಡದಲ್ಲೇ ಲೇಖನ ಬಂದಿದ್ದು ನೋಡಿ ತುಂಬ ಖುಷಿಯಾಯಿತು. ಈಗಷ್ಟೇ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಇದು ಬೇಕಿತ್ತು. ಆದರೆ ಅದಕ್ಕೆ ಆದೇಶ ಕೊಡುವ ಕ್ಯೂಬ್‌ಸಿಟಿಎಲ್ ಕಮಾಂಡ್‌ಗಳ ಪಟ್ಟಿಯಲ್ಲಿ ಗೆಟ್ (ನೋಡೋಕೆ), ಅಪ್ಲೈ (ಫೈಲಿನಲ್ಲಿ ಬರೆದದ್ದನ್ನು ಜಾರಿ ಮಾಡೋಕೆ) ಆದಮೇಲೆ ಡಿಲೀಟ್ ಕೂಡ ಸುಮ್ನೆ ಒಂದು ಸಾಲಾಗಿ ಬಂದುಬಿಟ್ಟಿದೆ. ಅದು ಯಾವ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಮೇಲೆ ಓಡುತ್ತದೆ ಅನ್ನುವ ಮಾತೇ ಇಲ್ಲ. ನನಗೆ ಕಳವಳ ಆಗಿದ್ದು ಅಲ್ಲೇ.

ಒಂದು ರಾತ್ರಿ ನಾನು ಎರಡು ಟರ್ಮಿನಲ್ ತೆರೆದುಕೊಂಡು ಕೂತಿದ್ದೆ. ಎಡಗಡೆಯದು ಟೆಸ್ಟಿಂಗ್‌ಗೆ. ಬಲಗಡೆ ಲಾಗ್ ನೋಡೋಣ ಅಂತ ಯೂಸ್-ಕಾಂಟೆಕ್ಸ್ಟ್ (ಕ್ಲಸ್ಟರ್ ಬದಲಿಸುವ ಕಮಾಂಡ್) ಕೊಟ್ಟು ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಅಸಲಿ ಕ್ಲಸ್ಟರ್‌ಗೆ ಹೋದೆ. ನೋಡಿ ಮುಗಿಸಿ, ಎಡಗಡೆಗೆ ಬಂದು ಒಂದು ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ಹೆಸರಿಟ್ಟ ವಿಭಾಗ) ಡಿಲೀಟ್ ಮಾಡಿದೆ. ಎರಡೂ ಕ್ಲಸ್ಟರ್‌ನಲ್ಲಿ ಅದರ ಹೆಸರು ಒಂದೇ. ಯೂಸ್-ಕಾಂಟೆಕ್ಸ್ಟ್ ತಿದ್ದುವುದು ಹೋಮ್ ಡೈರೆಕ್ಟರಿಯಲ್ಲಿರುವ ಕಾನ್ಫಿಗ್ ಫೈಲನ್ನು, ತೆರೆದಿರುವ ಎಲ್ಲ ಟರ್ಮಿನಲ್‌ಗಳೂ ಓದುವುದು ಅದೇ ಫೈಲನ್ನು, ಹಾಗಾಗಿ ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ ಅನ್ನೋದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಅಳಿಸಲೇ ಅಂತ ಅದು ಒಂದು ಮಾತು ಕೇಳಲೂ ಇಲ್ಲ. ಪ್ರೊಡಕ್ಷನ್‌ನಲ್ಲಿದ್ದ ಪಾಡ್ (ಓಡುತ್ತಿರುವ ಆ್ಯಪ್), ಸರ್ವಿಸ್ (ಅದನ್ನು ತಲುಪುವ ವಿಳಾಸ), ಸೀಕ್ರೆಟ್ (ಪಾಸ್‌ವರ್ಡ್‌ನಂಥ ಗುಟ್ಟುಗಳು) ಎಲ್ಲ ಹೋಯಿತು.

ಯಾಮಲ್ ಫೈಲುಗಳು (ಏನೇನು ಓಡಬೇಕು ಅಂತ ಬರೆದಿಡುವ ಫೈಲುಗಳು) ಗಿಟ್‌ನಲ್ಲಿ, ಅಂದರೆ ಫೈಲುಗಳ ಹಳೆಯ ಪ್ರತಿಗಳನ್ನೂ ಕಾಯ್ದಿಡುವ ಜಾಗದಲ್ಲಿ ಇದ್ದಿದ್ದಕ್ಕೆ, ಪಾಡ್‌ಗಳನ್ನು ಓಡಿಸುವ ಡಿಪ್ಲಾಯ್‌ಮೆಂಟ್‌ಗಳು ಒಂದು ಅಪ್ಲೈಗೆ ವಾಪಸ್ ಬಂದವು. ಸೀಕ್ರೆಟ್‌ಗಳನ್ನು ಮಾತ್ರ ಯಾರ್ಯಾರೋ ಯಾವಾಗಲೋ ಕೈಯಲ್ಲೇ ಮಾಡಿದ್ದರು. ಒಬ್ಬೊಬ್ಬರನ್ನೇ ನಿದ್ದೆಯಿಂದ ಎಬ್ಬಿಸಿ ಪಾಸ್‌ವರ್ಡ್ ಕೇಳುತ್ತಾ ಬೆಳಗಾಯಿತು. (ಹಾಗಂತ ಸೀಕ್ರೆಟ್ ಫೈಲನ್ನು ಹಾಗೇ ಗಿಟ್‌ಗೆ ಹಾಕಬೇಡಿ. ಅದರಲ್ಲಿರುವ ಬೇಸ್64 ಬರೀ ಬೇರೆ ಅಕ್ಷರಗಳಲ್ಲಿ ಬರೆಯುವ ವಿಧಾನ, ಬೀಗ ಅಲ್ಲ, ಯಾರು ಬೇಕಾದರೂ ಬಿಚ್ಚಿ ಓದಬಹುದು.)

ಅಲ್ಲಿಂದ ಈಚೆಗೆ, ಏನನ್ನಾದರೂ ಬದಲಿಸುವ ಕಮಾಂಡ್ ಆದರೆ ಕಾಂಟೆಕ್ಸ್ಟ್ (ಯಾವ ಕ್ಲಸ್ಟರ್ ಅನ್ನೋದು), ನೇಮ್‌ಸ್ಪೇಸ್ ಎರಡನ್ನೂ ಅದರಲ್ಲೇ ಬರೆಯುತ್ತೇನೆ. ನಾಲ್ಕು ಪದ ಜಾಸ್ತಿ ಟೈಪ್ ಮಾಡಬೇಕು, ಅಷ್ಟೇ ಅಲ್ವಾ? ಪ್ರೊಡಕ್ಷನ್ ಕಾನ್ಫಿಗ್ ಬೇರೆ ಫೈಲಿನಲ್ಲಿದೆ. ಬೇಕಾದಾಗ ಮಾತ್ರ ಆ ಒಂದು ಟರ್ಮಿನಲ್‌ನಲ್ಲಿ ಯಾವ ಕಾನ್ಫಿಗ್ ಫೈಲ್ ಓದಬೇಕು ಅಂತ ಹೇಳುವ ಕ್ಯೂಬ್‌ಕಾನ್ಫಿಗ್ ವೇರಿಯಬಲ್‌ಗೆ ಅದರ ದಾರಿ ಕೊಡುತ್ತೇನೆ. ಅಪ್ಲೈ ಮಾಡುವ ಮುಂಚೆ ಡಿಫ್ ಓಡಿಸಿ ಏನು ಬದಲಾಗುತ್ತೆ ಅಂತ ಓದುತ್ತೇನೆ. ಡಿಲೀಟ್ ಜೊತೆ ಇಂಟರಾಕ್ಟಿವ್ ಅಂತ ಸೇರಿಸಿದರೆ ಅಳಿಸುವ ಮುಂಚೆ ನಮ್ಮನ್ನು ಕೇಳುತ್ತದೆ. ಕ್ಯೂಬ್‌ಸಿಟಿಎಲ್‌ನ 1.30ನೇ ಆವೃತ್ತಿಯಿಂದ ಅದು ಪಕ್ಕಾ ಆಗಿದೆ, ಬಳಸಿ.

ಟೀಮ್ ಲೀಡ್‌ಗಳಿಗೂ ಒಂದು ಮಾತು. ಹೊಸಬರಿಗೆ ಮೊದಲ ದಿನವೇ ಅಡ್ಮಿನ್ ಹಕ್ಕು ಕೊಡಬೇಡಿ, ಲಾಗ್ ನೋಡೋಕೆ ವ್ಯೂ ರೋಲ್ (ನೋಡುವುದಕ್ಕೆ ಮಾತ್ರ ಹಕ್ಕು) ಸಾಕು. ಹೊಸಬರೇ, ನೀವೂ ಆಥ್ ಕ್ಯಾನ್-ಐ ಡಿಲೀಟ್ ನೇಮ್‌ಸ್ಪೇಸಸ್ ಅಂತ ಕೊಟ್ಟು, ನೇಮ್‌ಸ್ಪೇಸ್ ಅಳಿಸುವ ಹಕ್ಕು ನಿಮಗಿದೆಯಾ ಅಂತ ನೋಡಿ. ಯೆಸ್ ಅಂತ ಬಂದರೆ, ಈ ಹಕ್ಕು ನನಗೆ ದಿನಾ ಬೇಕಾ ಅಂತ ಲೀಡ್ ಹತ್ತಿರ ಹೋಗಿ ಕೇಳಿ.

ಸಂಪಾದಕರೇ, ಮುಂದಿನ ಕಂತಿನಲ್ಲಿ ಡಿಲೀಟ್ ಬರುವ ಜಾಗದಲ್ಲೆಲ್ಲ, ಅದರ ಮೇಲಿನ ಸಾಲಿನಲ್ಲಿ ಈಗ ಯಾವ ಕ್ಲಸ್ಟರ್‌ನಲ್ಲಿದ್ದೇವೆ ಅಂತ ತೋರಿಸುವ ಕಾನ್ಫಿಗ್ ಕರೆಂಟ್-ಕಾಂಟೆಕ್ಸ್ಟ್ ಅನ್ನುವ ಕಮಾಂಡನ್ನೂ ದಯವಿಟ್ಟು ಅಚ್ಚು ಹಾಕಿಸಿ.

– ನಿಮ್ಮ ಓದುಗ, ಬೆಂಗಳೂರು