ಹಿರಿಯರಿಗೆ ‘ರಕ್ತ ಕಮ್ಮಿ’: ಐರನ್ ಮಾತ್ರೆಯಷ್ಟೇ ಸಾಕೇ?

ಮಾನ್ಯ ಸಂಪಾದಕರೇ,

ಉಡುಪಿ ಸುತ್ತಮುತ್ತ ನಡೆಯುವ ಉಚಿತ ಆರೋಗ್ಯ ಶಿಬಿರಗಳಿಂದ ಎಷ್ಟೋ ಜನರಿಗೆ ಉಪಕಾರವಾಗಿದೆ. ಆದರೆ ವಯಸ್ಸಾದವರಿಗೆ ಹಿಮೋಗ್ಲೋಬಿನ್ ಕಡಿಮೆ ಬಂದಾಗ ಅಲ್ಲಿ ಆಗುವುದರ ಬಗ್ಗೆ ನನ್ನದೊಂದು ತಕರಾರಿದೆ.

ಎಪ್ಪತ್ತು ದಾಟಿದ ನೆರೆಮನೆಯ ಅಜ್ಜರಿಗೆ ಈಚೆಗೆ ಒಂದು ಶಿಬಿರದಲ್ಲಿ ಕೊಟ್ಟ ಚೀಟಿ ನೋಡಿದೆ. ‘ಎಚ್‌ಬಿ 8.2’ (ಎಚ್‌ಬಿ ಅಂದರೆ ಹಿಮೋಗ್ಲೋಬಿನ್) ಎಂದು ಗೀಚಿ, ಕೆಳಗೆ ‘ಐರನ್ ಮಾತ್ರೆ, ಹಸಿರು ಸೊಪ್ಪು’ ಅಂತ ಬರೆದಿದ್ದರು. ಮಾತ್ರೆಯ ಶೀಟನ್ನು ಅದಕ್ಕೇ ಪಿನ್ ಹೊಡೆದಿದ್ದರು. ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 8.2 ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ಬಸಳೆ, ಹರಿವೆ, ಬಂಗುಡೆ ತಿಂದೇ ಬೆಳೆದ ಜೀವ ಅದು!

ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಹೊಟ್ಟೆ, ಕರುಳಲ್ಲಿ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಮಂಡಿನೋವಿಗೆಂದು ಮೆಡಿಕಲ್‌ನಿಂದ ತಂದು ನುಂಗುವ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗುವುದುಂಟು. ಹೃದಯಕ್ಕೆ ಕೊಡುವ ಆಸ್ಪಿರಿನ್‌ನಿಂದಲೂ ಆಗಬಹುದು (ಹಾಗಂತ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ). ದೊಡ್ಡ ಕರುಳಿನ ಬಲಬದಿಯ ಕ್ಯಾನ್ಸರ್ ಇನ್ನೂ ಮೋಸದ್ದು. ಎಷ್ಟೋ ಸಲ ನೋವಿರುವುದಿಲ್ಲ, ಮಲದಲ್ಲಿ ರಕ್ತ ಕಣ್ಣಿಗೆ ಬೀಳುವುದಿಲ್ಲ. ಬರೀ ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ‘ವಯಸ್ಸಾಯ್ತಲ್ವಾ’ ಅಂತ ನಾವು ಸುಮ್ಮನಾಗುತ್ತೇವೆ.

ಮಾತ್ರೆ ತೆಗೆದುಕೊಂಡರೆ ಎಚ್‌ಬಿ ಸ್ವಲ್ಪ ಏರಬಹುದು. ಮನೆಯವರಿಗೆ ಸಮಾಧಾನ. ಒಳಗಿನ ತೊಂದರೆ ಹಾಗೇ ಇರುತ್ತದೆ. ಐರನ್ ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ, ರಕ್ತ ಸೋರಿ ಕಪ್ಪಾಗಿದ್ದರೂ ಅನುಮಾನ ಬರುವುದಿಲ್ಲ. ಮಾತ್ರೆ ಬೇಡವೆಂದಲ್ಲ. ಕೊಡಲಿ, ಜೊತೆಗೆ ಕಾರಣವನ್ನೂ ಹುಡುಕಲಿ.

ಬಿ12 ಕೊರತೆ, ಕಿಡ್ನಿ ತೊಂದರೆಯಿಂದಲೂ ರಕ್ತ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಮೈಯಲ್ಲಿ ಕಬ್ಬಿಣಾಂಶ ಎಷ್ಟು ಉಳಿದಿದೆ ಎಂದು ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಆಗಬೇಕು. ಕಬ್ಬಿಣಾಂಶವೇ ಕಡಿಮೆ ಎಂದಾದರೆ ಸಾಮಾನ್ಯವಾಗಿ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಪೈಪ್ ಇಳಿಸಿ ಜಠರ ನೋಡುವುದು), ಕೊಲೊನೋಸ್ಕೋಪಿ (ಗುದದ್ವಾರದಿಂದ ಹಾಗೆಯೇ ದೊಡ್ಡ ಕರುಳು ನೋಡುವುದು) ಮಾಡುತ್ತಾರೆ. ‘ಪೈಪ್ ಹಾಕ್ತಾರಂತೆ’ ಎಂದು ಹಿರಿಯರು ಹೆದರುತ್ತಾರೆ, ನಿಜ. ತೀರಾ ನಿಶ್ಶಕ್ತರಾದವರಿಗೆ ಅದು ಬೇಕೇ ಎಂದು ಡಾಕ್ಟರ ಜೊತೆ ಕೂತು ಮಾತಾಡೋಣ. ದಿನಾ ತೋಟಕ್ಕೆ ಹೋಗಿ ಬರುವ ಗಟ್ಟಿ ಆಳಿಗೂ ವಯಸ್ಸಿನ ನೆಪ ಹೇಳಿ ತಪ್ಪಿಸುವುದು ಸರಿಯಲ್ಲ.

2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆ ಮಕ್ಕಳು, ಹದಿಹರೆಯದವರು, ಗರ್ಭಿಣಿಯರು, ಬಾಣಂತಿಯರಂಥವರಿಗೆ. ಹಿರಿಯರು ಆ ಪಟ್ಟಿಯಲ್ಲಿಲ್ಲ. ಶಿಬಿರ ನಡೆಸುವವರಾದರೂ 60 ದಾಟಿದವರ ಚೀಟಿಯಲ್ಲಿ ‘ಕಾರಣ ಪತ್ತೆಗೆ ದೊಡ್ಡಾಸ್ಪತ್ರೆಗೆ ಕಳಿಸಿದೆ’ ಎಂದು ಬರೆಯಲಿ. ಮಣಿಪಾಲ, ಮಂಗಳೂರಿನ ಮೆಡಿಕಲ್ ಕಾಲೇಜುಗಳು ನಮಗೇನೂ ದೂರವಲ್ಲ. ಮನೆಯವರ ಫೋನ್ ನಂಬರ್ ಬರೆದುಕೊಂಡು, ತಿಂಗಳು ಬಿಟ್ಟು ‘ಹೋಗಿದ್ರಾ?’ ಎಂದು ವಿಚಾರಿಸಲಿ.

– ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಉಡುಪಿ